ಉಸ್ತಾದರು ಮುಟ್ಟದ ಪಿನ್ನು

ಏರು ರಸ್ತೆಯಲ್ಲಿ ಲಾರಿ ಗೇರು ಬದಲಿಸುವ ಸದ್ದು ಕೇಳಿದರೆ ಈಗಲೂ ನನ್ನ ಬಲಗಾಲು ತಾನಾಗಿ ಮುಂದೆ ಚಾಚಿ ನೆಲವನ್ನು ಒತ್ತುತ್ತದೆ. ಮನೆಯಲ್ಲಿ ಊಟಕ್ಕೆ ಕುಳಿತಿದ್ದರೂ ಅಷ್ಟೇ. ನಾನು ಒಂದು ದಿನವೂ ಲಾರಿ ಓಡಿಸಿದವನಲ್ಲ. ಒಂದು ಮಧ್ಯಾಹ್ನ ಕಮಲಾಪುರದ ಏರಿನಲ್ಲಿ ಡ್ರೈವರನ ಪಕ್ಕ ಕುಳಿತಿದ್ದೆ. ನನ್ನ ಇನ್ನೊಂದು ಪಕ್ಕದಲ್ಲಿ, ಬಾಗಿಲ ಕಡೆಗೆ, ಕುಳಿತಿದ್ದವರು ಹೋದ ತಿಂಗಳು ತೀರಿಕೊಂಡರು.

ಅವರ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಅವರ ಮಗಳಿಗೆ ಸರಿಬರದು. ಅಲ್ಲದೆ ಕಲಬುರಗಿಯಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆದದ್ದನ್ನು ನಾನು ಕೇಳಿಲ್ಲ. ಬೇಳೆ ಮಿಲ್ಲಿನ ಮಾಲೀಕರಿಂದ ಹಿಡಿದು ಟಾಂಗಾ ಹೊಡೆಯುವವರವರೆಗೆ ಎಲ್ಲರಿಗೂ ಅವರು ಉಸ್ತಾದರು.

ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದಿದ್ದೆ. ಸರ್ಕಾರಿ ಕಚೇರಿಗಳ ಮೆಟ್ಟಿಲು ಹತ್ತಿ ಇಳಿದು, ಕೊನೆಗೆ ಸ್ಟೇಷನ್ ಹತ್ತಿರ ಒಬ್ಬ ಸಾವಕಾರರ ಲಾರಿ ಶೆಡ್ಡಿನಲ್ಲಿ ಮ್ಯಾನೇಜರನಾಗಿ ಸೇರಿಕೊಂಡೆ. ಸಾವಕಾರರದು ತಲೆಮಾರುಗಳಿಂದ ತೊಗರಿ ವ್ಯಾಪಾರ. ಲಾರಿ ಅವರಿಗೆ ಹೊಸದು, ನನಗಂತೂ ಪೂರಾ ಹೊಸದು. ಆಗ ನಮ್ಮ ಊರಲ್ಲಿ ಮೋಟಾರು ಎಂದರೆ ಪೆಟ್ರೋಲಿನದು. ಡೀಸೆಲ್ ಲಾರಿ ಬಂದು ನಿಂತರೆ ಅದರ ಕಪ್ಪು ಹೊಗೆ ನೋಡಲೆಂದೇ ಜನ ಸೇರುತ್ತಿದ್ದರು. ಶೆಡ್ಡಿನ ಎಂಜಿನ್ ಕೆಲಸ ನೋಡುತ್ತಿದ್ದ ಉಸ್ತಾದರು ಮಾತ್ರ ಹೊಗೆಯ ಕಡೆ ನೋಡದೆ ನೇರವಾಗಿ ಎಂಜಿನ್ನಿನ ಹತ್ತಿರ ಹೋಗುತ್ತಿದ್ದರು.

ಕುಳ್ಳ ಮನುಷ್ಯ. ಎದೆಯವರೆಗೆ ಬಿಳಿ ಗಡ್ಡ. ಎಂಜಿನ್ನಿನೊಳಗೆ ತಲೆ ಹಾಕುವ ಮುನ್ನ ಆ ಗಡ್ಡವನ್ನು ಮಡಚಿ ಅಂಗಿಯೊಳಗೆ ತುರುಕಿ ಗುಂಡಿ ಹಾಕಿಕೊಳ್ಳುತ್ತಿದ್ದರು. ಗಡ್ಡ ಒಳಗೆ ಹೋಯಿತೆಂದರೆ ಅವರನ್ನು ಮಾತಾಡಿಸಬಾರದು ಎಂದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತು. ಮೊದಲು ಹತ್ತಿ ಮಿಲ್ಲಿನ ಉಗಿ ಎಂಜಿನ್, ಆಮೇಲೆ ಬೇಳೆ ಮಿಲ್ಲುಗಳ ಆಯಿಲ್ ಎಂಜಿನ್, ಮುದಿ ವಯಸ್ಸಿನಲ್ಲಿ ಲಾರಿ, ಹೀಗೆ ಕಲಿತ ವಿದ್ಯೆ. ಮನೆಯಲ್ಲಿ ದಖನಿ ಮಾತು, ನಮ್ಮೊಂದಿಗೆ ಕನ್ನಡ. ಬಿಚ್ಚಿದ ಬೋಲ್ಟುಗಳನ್ನು ಗೋಣಿತಟ್ಟಿನ ಮೇಲೆ, ಎಂಜಿನ್ನಿನಲ್ಲಿ ಅವು ಯಾವ ಸಾಲಿನಲ್ಲಿದ್ದವೋ ಅದೇ ಸಾಲಿನಲ್ಲಿ ಜೋಡಿಸುತ್ತಿದ್ದರು. ಆ ತಟ್ಟನ್ನು ಯಾರೂ ದಾಟುವಂತಿಲ್ಲ. ಒಮ್ಮೆ ಸಾವಕಾರರೇ ದಾಟಲು ಹೋದಾಗ, "ಮಾಲಕ್, ಸುತ್ತಿ ಬರ್ರಿ, ಎಂಜಿನ್ ಮಲಗ್ಯಾದ" ಎಂದಿದ್ದರು. ಸಾವಕಾರರು ಸುತ್ತಿ ಹೋದರು.

ನನ್ನನ್ನು ಬಿ.ಎ. ಸಾಬ್ ಎಂದು ಕರೆಯುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ಚೇಷ್ಟೆ. ಇಂಗ್ಲಿಷ್ ಬರದಿದ್ದುದರಿಂದ ಲಾರಿಯ ಜೊತೆ ಬಂದ ಪುಸ್ತಕವನ್ನು ನಾನೇ ಓದಿ ಹೇಳಬೇಕಿತ್ತು. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಒಂದು ಸಲ ಯಾವುದೋ ಬೋಲ್ಟಿನ ಬಗ್ಗೆ, "ಗಟ್ಟಿ ಕೂತದ ಅನಸ್ತದ ಉಸ್ತಾದ್" ಎಂದೆ. ಅವರು ಕಣ್ಣು ತೆರೆದರು.

"ಅನಸ್ತದ ಅಂಬೋದು ಹೆಣ್ಣು ನೋಡ್ಲಿಕ್ಕೆ ಹೋದಾಗ ಹೇಳೋ ಮಾತ್ರಿ. ಇಲ್ಲಿ ಅದ, ಇಲ್ಲಂದ್ರ ಇಲ್ಲ. ಎರಡೇ ಮಾತು."

ಬಸಣ್ಣ ಎಂಬ ಡ್ರೈವರ್ ಕಿಸಕ್ಕನೆ ನಕ್ಕ. ನನಗಿನ್ನೂ ಮದುವೆ ಆಗಿರಲಿಲ್ಲ.

ಆ ಪಿನ್ನಿನ ವಿಷಯ ಗೊತ್ತಾದದ್ದು ಹೀಗೆ. ಬಸಣ್ಣ ಸೇಡಂ ರಸ್ತೆಯಿಂದ ಮೊದಲನೆಯ ಲಾರಿ ತಂದು ಶೆಡ್ಡಿನ ಬಾಗಿಲಲ್ಲಿ ನಿಲ್ಲಿಸಿದ್ದ. ಎಂಜಿನ್ ಇನ್ನೂ ನಡೆಯುತ್ತಿತ್ತು. ಉಸ್ತಾದರು ಬಸಿಯಲ್ಲಿ ಚಹಾ ಕುಡಿಯುತ್ತಿದ್ದವರು ಬಸಿ ಕೆಳಗಿಟ್ಟರು.

"ಬಂದ್ ಮಾಡು."

"ಯಾಕ್ರಿ ಉಸ್ತಾದ್? ಚೊಲೋ ನಡದದಲ್ಲ?"

"ಚೊಲೋನೇ ನಡದದ. ಆದ್ರ ಮುಂದ ಯಾರೋ ಹಲ್ಲು ಕಡೀಲಕತ್ತಾರ."

ನಮಗೆ ಯಾರಿಗೂ ಏನೂ ಕೇಳಿಸಿರಲಿಲ್ಲ. ಗಡ್ಡ ಅಂಗಿಯೊಳಗೆ ಹೋಯಿತು. ಅರ್ಧ ದಿನ ಹಿಡಿದು ಎಂಜಿನ್ನಿನ ಮುಂಬದಿಯ ಮುಚ್ಚಳ ಬಿಚ್ಚಿದರು. ಒಳಗೆ ಒಂದಕ್ಕೊಂದು ಹಲ್ಲು ಕೂಡಿಸಿ ತಿರುಗುವ ದೊಡ್ಡ ಚಕ್ರಗಳು. ಅವುಗಳ ಮೇಲ್ಗಡೆ, ಮುಂದಿನ ಗೂಡನ್ನು ಎಂಜಿನ್ನಿನ ಮೈಗೆ ಸರಿಯಾಗಿ ಕೂಡಿಸಲು ಇಟ್ಟ ಒಂದು ಉಕ್ಕಿನ ಪಿನ್ನು. ಪೆನ್ಸಿಲಿನಷ್ಟು ದಪ್ಪ, ಕಿರುಬೆರಳಿನ ಅರ್ಧದಷ್ಟು ಉದ್ದ. ಅದಕ್ಕೆ ತಿರುಪಿಲ್ಲ, ತಲೆಯಿಲ್ಲ. ತೂತಿನಲ್ಲಿ ಬಿಗಿಯಾಗಿ ಬಡಿದು ಕೂಡಿಸಿದ್ದು, ಆ ಬಿಗಿಯೊಂದೇ ಅದನ್ನು ಹಿಡಿದಿರಬೇಕು. ಎಂಜಿನ್ನಿನ ನಡುಕಕ್ಕೆ ಅದು ದಿನಕ್ಕಿಷ್ಟು ದಿನಕ್ಕಿಷ್ಟು ಹೊರಗೆ ಸರಿದು, ತಿರುಗುವ ಹಲ್ಲಿಗೆ ಉಗುರಿನಷ್ಟು ಅಂತರದಲ್ಲಿ ನಿಂತಿತ್ತು. ಸಡಿಲಾದ ತೂತಿನಲ್ಲಿ ಅದು ಅದುರುವ ಸದ್ದೇ ಉಸ್ತಾದರಿಗೆ ಕೇಳಿಸಿದ್ದು.

"ಬಿದ್ದಿದ್ರ?" ಎಂದೆ.

"ಈ ಚಕ್ರ ಬೀಗರಿದ್ದಂಗ ಸಾಬ್. ತಮ್ಮ ತಮ್ಮೊಳಗ ಹೊಂದಿಕೊಂಡು ನಡದಾರ. ನಡುವ ಮೂರನೆಯವ ಬಂದ್ರ ಮನೀನೇ ಮುರೀತದ."

ಪಿನ್ನನ್ನು ಮೆಲ್ಲಗೆ ಬಡಿದು ಒಳಗೆ ಕೂಡಿಸಿದರು. ಸೀಮೆಎಣ್ಣೆಯಿಂದ ಸುತ್ತಲೂ ಒರೆಸಿ, ತೂತಿನ ಅಂಚಿನಲ್ಲಿ ಮೂರು ಕಡೆ ಉಳಿಯಿಂದ ಏಟು ಕೊಟ್ಟರು. ಅಂಚಿನ ಕಬ್ಬಿಣ ಪಿನ್ನಿನ ಮೇಲೆ ಬಾಗಿಕೊಂಡಿತು. ಅಷ್ಟಕ್ಕೆ ಸಮಾಧಾನವಾಗದೆ ಒಂದು ಸಣ್ಣ ಕಬ್ಬಿಣದ ಪಟ್ಟಿ ಕೊಯ್ದು, ತೂತು ಕೊರೆದು, ಪಕ್ಕದ ಬೋಲ್ಟಿನ ಕೆಳಗೆ ಸೇರಿಸಿ ಬಿಗಿದರು. ಪಟ್ಟಿಯ ತುದಿ ಪಿನ್ನಿನ ಬಾಯಿಯನ್ನು ಅರ್ಧ ಮುಚ್ಚಿತು. ಇನ್ನು ಸಡಿಲಾದರೂ ಹೊರಗೆ ಬರಲು ದಾರಿಯಿಲ್ಲ. ಪುಸ್ತಕದಲ್ಲಿ ಹೀಗೆ ಮಾಡಿರೆಂದು ಎಲ್ಲಿಯೂ ಇರಲಿಲ್ಲ. ನಾನು ಎರಡು ಸಲ ಹುಡುಕಿದೆ.

ಮುಚ್ಚಳ ಮುಚ್ಚುವ ಮೊದಲು ಬಸಣ್ಣನನ್ನು ಕರೆದು, ಅವನ ಹೆಬ್ಬಟ್ಟನ್ನು ಪಿನ್ನಿನ ಮೇಲೆ ಒತ್ತಿಸಿ, ಅಲ್ಲಾಡಿಸಲು ಹೇಳಿದರು. ಅದು ಅವರ ಪದ್ಧತಿ. ಯಾವ ಎಂಜಿನ್ನೇ ಇರಲಿ, ಮುಚ್ಚಿದ ಮೇಲೆ ಕಾಣದಂಥ ಭಾಗವನ್ನು ಅದನ್ನು ನಡೆಸುವವನು ತನ್ನ ಕೈಯಿಂದ ಮುಟ್ಟಿ, ಬಾಯಿ ಬಿಟ್ಟು ಹೇಳಬೇಕು. ಬಸಣ್ಣ "ಗಟ್ಟಿ ಅದರಿ" ಎಂದ ಮೇಲೆಯೇ ಮುಚ್ಚಳ.

"ಕಣ್ಣಿಲೆ ಕಾಣಂಗಿಲ್ಲೇನ್ರಿ ಉಸ್ತಾದ್? ಕೈ ಯಾಕ ಹೊಲಸು ಮಾಡ್ಕೋಬೇಕು?" ಎಂದು ಬಸಣ್ಣ ಗೊಣಗಿದ.

"ಎಣ್ಣಿ ಬಳಕೊಂಡು ಕೂತಿರ್ತದ, ಗಟ್ಟಿ ಇದ್ದಂಗೇ ಕಾಣ್ತದ. ಕಣ್ಣಿಗೆ ಅಷ್ಟೇ ಕಾಣೋದು."

ಮುಂದೆ ಸಾವಕಾರರು ಸೊಲ್ಲಾಪುರದಿಂದ ಅದೇ ಕಂಪನಿಯ ಇನ್ನೊಂದು ಹಳೆಯ ಲಾರಿ ತಂದರು. ಬಸಣ್ಣ ಅದರ ಡ್ರೈವರನಾದ. ಅದು ಬಂದ ದಿನದಿಂದಲೂ ಉಸ್ತಾದರು ಅದರ ಮುಂದಿನ ಮುಚ್ಚಳ ಬಿಚ್ಚಬೇಕೆಂದು ಹೇಳುತ್ತಿದ್ದರು. ನಾನು ಒಂದಲ್ಲ ಒಂದು ಬಾಡಿಗೆ ಹಿಡಿದು ತಂದು ಮುಂದೂಡುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಬಿಚ್ಚಲು ಶುರು ಮಾಡಿದರು. ಮುಚ್ಚಳ ಇನ್ನೇನು ಕಳಚಬೇಕು, ನಂದೂರ ಕಡೆಯ ಒಂದು ಬೇಳೆ ಮಿಲ್ಲಿನಿಂದ ಟಾಂಗಾ ಬಂತು. ಅಲ್ಲಿಯ ಎಂಜಿನ್ ನಿಂತುಹೋಗಿ, ನೆನೆಸಿಟ್ಟ ತೊಗರಿ ಕೆಡುತ್ತಿತ್ತು.

ಉಸ್ತಾದರು ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು.

"ಬಿ.ಎ. ಸಾಬ್, ನಿಮಗ ಹೇಳಿ ಹೋಗ್ತೀನಿ. ಮುಚ್ಚಳ ತಗದ ಮ್ಯಾಲ ಹೆಬ್ಬಟ್ಟಿಟ್ಟು ನೋಡ್ರಿ. ಗಟ್ಟಿ ಇದ್ರ ಮುಚ್ರಿ, ಇವತ್ತಿನ ಫೇರಿಗೆ ಚಿಂತಿಲ್ಲ, ನಾಳೆ ಪಟ್ಟಿ ಕೂಡಸ್ತೀನಿ. ಜರಾ ಅಲ್ಲಾಡಿದ್ರೂ ನಾ ಬರೋತನಕ ಮುಚ್ಚಬ್ಯಾಡ್ರಿ."

"ಆಯ್ತು ಉಸ್ತಾದ್."

ಅವತ್ತು ನಾನು ಕಮಲಾಪುರಕ್ಕೆ ಹೋಗಬೇಕಿತ್ತು. ಅಲ್ಲಿಯ ಕೆಂಪು ಬಾಳೆಯ ತೋಟದವರು ಹಣ್ಣನ್ನು ಬಂಡಿಯಲ್ಲಿ ಕಳಿಸಿ ಜಜ್ಜಿಹೋಗುವ ಬದಲು ನಮ್ಮ ಲಾರಿಯಲ್ಲಿ ಸ್ಟೇಷನ್ನಿಗೆ ಕಳಿಸಲು ಒಪ್ಪುವ ಹಾಗಿದ್ದರು. ಆ ಮಾತುಕತೆ ನಾನೇ ಕುದುರಿಸಿದ್ದು. ನನ್ನ ಹತ್ತಿರ ಇದ್ದ ಒಂದೇ ಒಂದು ಬಿಳಿ ಶೇರವಾನಿ ಹಾಕಿಕೊಂಡು, ಟೊಪ್ಪಿಗೆ ಇಟ್ಟುಕೊಂಡು ತಯಾರಾಗಿದ್ದೆ. ಬಸಣ್ಣ ಮುಚ್ಚಳ ಕಳಚಿ ಬದಿಗಿಟ್ಟ. ನಾನು ಬ್ಯಾಟರಿ ಹಿಡಿದು ದೂರದಿಂದಲೇ ಬಗ್ಗಿ ನೋಡಿದೆ. ಪಿನ್ನಿನ ತುದಿ ಗೋಡೆಗೆ ಸಮವಾಗಿ, ಎಣ್ಣೆಯಲ್ಲಿ ಮಿರಮಿರ ಮಿಂಚುತ್ತಿತ್ತು.

"ನಾ ಬಟ್ಟಿಡಲೇನ್ರಿ?" ಎಂದು ಬಸಣ್ಣ ಕೇಳಿದ.

"ನಾ ನೋಡೀನಿ. ಮುಚ್ಚು, ಹೊತ್ತಾಗ್ಯಾದ."

ಅವನು ಒಂದು ಕ್ಷಣ ನಿಂತ. ನಾನು ಮ್ಯಾನೇಜರ್, ಅವನು ಡ್ರೈವರ್. ಮುಚ್ಚಿದ.

ಉಪ್ಪಿನ ಚೀಲ, ಸೀಮೆಎಣ್ಣೆ ಡಬ್ಬಿ ಹೇರಿಯಾಗಿತ್ತು. ಹಿಂದಿನ ದಿನ ಬಾಳೆಹಣ್ಣು ಮಾರಲು ಬಂದಿದ್ದ ಕಮಲಾಪುರದ ಆರು ಮಂದಿ ಹೆಂಗಸರು ಖಾಲಿ ಬುಟ್ಟಿಗಳೊಂದಿಗೆ ಚೀಲಗಳ ಮೇಲೆ ಕುಳಿತಿದ್ದರು. ಲಾರಿ ಹೊರಡುವ ಹೊತ್ತಿಗೆ ಉಸ್ತಾದರ ಟಾಂಗಾ ವಾಪಸು ಬಂತು. ಇಳಿದವರೇ ಕೇಳಿದರು:

"ಹೆಬ್ಬಟ್ಟಿಟ್ಟು ನೋಡಿದ್ರೇನ್ರಿ?"

"ನೋಡಿದೆ. ಗಟ್ಟಿ ಅದ."

ಬಸಣ್ಣ ಸ್ಟೇರಿಂಗಿನ ಕಡೆ ನೋಡುತ್ತಿದ್ದ. ಉಸ್ತಾದರು ನನ್ನನ್ನು ನೋಡಿದರು. ಬಹಳ ಹೊತ್ತಲ್ಲ, ಒಂದು ಉಸಿರು ತೆಗೆದುಕೊಳ್ಳುವಷ್ಟು. ಆಮೇಲೆ, "ಸರೀರಿ. ನಾನೂ ಬರ್ತೀನಿ. ಕಮಲಾಪುರದಾಗ ಒಂದು ಪಂಪ್ ನೋಡೋದದ" ಎಂದು ನನ್ನ ಪಕ್ಕ ಹತ್ತಿ ಕುಳಿತರು. ಹಿಂದಿನಿಂದ ಒಬ್ಬ ಮುದುಕಿ, "ಅಜ್ಜಾ, ಬರ್ರಿ ಬರ್ರಿ, ಕಮಲಾಪುರದಾಗ ನಿಮಗೊಂದು ಹೆಣ್ಣು ನೋಡ್ತೀವಿ" ಎಂದಳು. ಉಳಿದವರು ನಕ್ಕರು. ಉಸ್ತಾದರೂ ನಕ್ಕರು.

ದಾರಿಯುದ್ದಕ್ಕೂ ಅವರ ತಲೆ ಎಂಜಿನ್ನಿನ ಕಡೆ ಬಾಗಿತ್ತು. ನಿದ್ದೆ ಎಂದುಕೊಂಡೆ. ಕಮಲಾಪುರದ ಏರು ಅರ್ಧ ಹತ್ತಿದ್ದೆವು. ಅವರು ತಟ್ಟನೆ ತಲೆಯೆತ್ತಿ, "ಬಸಣ್ಣ, ಬದೀಗಿ ತಗೊ" ಎಂದರು. ಬಸಣ್ಣ "ಆಂ?" ಎನ್ನುವಷ್ಟರಲ್ಲಿ ಟಕ್ಕೆಂದು ಒಂದು ಸದ್ದು. ಆಮೇಲೆ ಒಂದು ಹಿಡಿ ಹಲ್ಲು ಒಟ್ಟಿಗೆ ಮುರಿದಂಥ ಸದ್ದು. ಆಮೇಲೆ ಏನೂ ಇಲ್ಲ. ಹಿಂದೆ ಕುಳಿತ ಹೆಂಗಸರ ಮಾತು ಸ್ಪಷ್ಟವಾಗಿ ಕೇಳಿಸತೊಡಗಿತು.

ಲಾರಿ ಹಿಂದಕ್ಕೆ ಹೋಗುತ್ತಿರುವುದು ನನಗೆ ಗೊತ್ತಾದದ್ದು ಒಂದು ಬೇವಿನ ಮರದಿಂದ. ಆಗಷ್ಟೇ ದಾಟಿ ಬಂದಿದ್ದ ಮರ ಮತ್ತೆ ಬಾಗಿಲ ಪಕ್ಕಕ್ಕೆ ಬಂತು. ಬಸಣ್ಣ ಬ್ರೇಕಿನ ಮೇಲೆ ಎದ್ದು ನಿಂತಿದ್ದ. ಅದು ಸರಳುಗಳಿಂದ ಎಳೆಯುವ ಹಳೆಯ ಬ್ರೇಕು, ಅಷ್ಟು ಭಾರ ತಡೆಯಲಿಲ್ಲ. ಗಾಬರಿಯಲ್ಲಿ ಅವನು ಕ್ಲಚ್ಚನ್ನೂ ಒತ್ತಿ, ಚಕ್ರದ ಮೇಲಿದ್ದ ಗೇರಿನ ಹಿಡಿತವನ್ನೂ ಬಿಡಿಸಿಬಿಟ್ಟಿದ್ದ. ಹಿಂದೆ ರಸ್ತೆ ತಿರುಗುತ್ತಿತ್ತು, ತಿರುವಿನ ಕೆಳಗೆ ಹಳ್ಳ. ಹೆಂಗಸರು ಕೂಗತೊಡಗಿದರು.

ಎಡಬಾಗಿಲು ತೆರೆದುಕೊಂಡಿತ್ತು. ಉಸ್ತಾದರು ಇರಲಿಲ್ಲ. ಚಕ್ರಕ್ಕೆ ಒಡ್ಡಲು ಕಾಲಬಳಿ ಇಡುವ ಮರದ ದಿಮ್ಮಿಯೂ ಇರಲಿಲ್ಲ. ಬಾಗಿಲಿನಿಂದ ಬಗ್ಗಿ ನೋಡಿದೆ. ಅವರು ಹಿಂದಿನ ಚಕ್ರದ ಜೊತೆ ಓಡುತ್ತಿದ್ದರು. ಅಷ್ಟು ವಯಸ್ಸಿನ ಮನುಷ್ಯ ಹಾಗೆ ಓಡಿದ್ದನ್ನು ನಾನು ಮತ್ತೆ ನೋಡಿಲ್ಲ. ದಿಮ್ಮಿ ಎಸೆದರು, ಚಕ್ರ ಅದನ್ನು ತಳ್ಳಿ ಬದಿಗೆ ಹಾರಿಸಿತು. ಹೆಕ್ಕಿಕೊಂಡು ಮತ್ತೆ ಓಡಿದರು. ಎರಡನೆಯ ಸಲ ಎಸೆಯಲಿಲ್ಲ. ಮಂಡಿಯೂರಿ, ಚಕ್ರ ಹತ್ತುವವರೆಗೂ ದಿಮ್ಮಿಯನ್ನು ಬಲಗೈಯಿಂದ ಹಿಡಿದೇ ಇದ್ದರು.

ಲಾರಿ ನಿಂತಿತು. ಹಳ್ಳಕ್ಕೆ ಇನ್ನು ನಾಲ್ಕು ಮಾರು ಇತ್ತು.

ನಾನು ಇಳಿಯುವ ಮೊದಲೇ ಆ ಮುದುಕಿ ಕೆಳಗಿದ್ದಳು. ತನ್ನ ಸೆರಗು ಹರಿದು ಅವರ ಕೈಗೆ ಸುತ್ತುತ್ತ, "ಮ್ಯಾಲ ಎತ್ತಿ ಹಿಡೀ ನಮ್ಮಪ್ಪಾ, ಮ್ಯಾಲ ಹಿಡಿ" ಎನ್ನುತ್ತಿದ್ದಳು. ಉಸ್ತಾದರು, "ಎಲ್ಲಾರೂ ಇಳದ್ರೇನ್ರವ್ವಾ? ಎಣಿಸ್ರಿ" ಎಂದರು. ಅವಳು ಎಣಿಸಿ, ಆರು ಎಂದಳು. ಆಮೇಲೆ ಅವರು ಎಚ್ಚರ ತಪ್ಪಿದರು.

ಕಲಬುರಗಿಯ ಆಸ್ಪತ್ರೆಯಲ್ಲಿ ಅವರ ಬಲಗೈಯನ್ನು ಮಣಿಕಟ್ಟಿನ ಮೇಲೆ ತೆಗೆದರು.

ಲಾರಿಯನ್ನು ಎತ್ತುಗಳಿಂದ ಎಳೆಸಿ ಶೆಡ್ಡಿಗೆ ತಂದು ಬಿಚ್ಚಿದಾಗ ಸಾವಕಾರರು, ಬಸಣ್ಣ, ನಾನು ಅಲ್ಲಿದ್ದೆವು. ಉಸ್ತಾದರೂ ಬಂದಿದ್ದರು, ತೋಳು ಕೊರಳಿಗೆ ಕಟ್ಟಿಕೊಂಡು. ಗಡ್ಡ ಅಂಗಿಯ ಹೊರಗೇ ಇತ್ತು. ಮುರಿದ ಹಲ್ಲುಗಳ ನಡುವೆ ಪಿನ್ನು ಬಾಗಿ ಸಿಕ್ಕಿಕೊಂಡಿತ್ತು.

ಸಾವಕಾರರು ಕೆಟ್ಟವರಲ್ಲ. ಮೆಲ್ಲಗೇ ಕೇಳಿದರು: "ಉಸ್ತಾದ್, ಮೊದಲಿನ ಲಾರಿದು ನೀವೇ ಹಿಡದಿದ್ರಿ. ಇದನ್ನ ನೋಡಿದ್ದಿಲ್ಲೇನು?"

ಬಸಣ್ಣ ನನ್ನ ಕಡೆ ತಿರುಗಿದ. ನಾನು ಗೋಣಿತಟ್ಟಿನ ಮೇಲಿನ ಬೋಲ್ಟುಗಳನ್ನು ನೋಡುತ್ತಿದ್ದೆ. ಅವತ್ತು ಅವನ್ನು ಯಾರೂ ಸಾಲಾಗಿ ಇಟ್ಟಿರಲಿಲ್ಲ.

"ಎಂಜಿನ್ ನಂದು ಮಾಲಕ್," ಎಂದರು ಉಸ್ತಾದರು. "ಜಿಮ್ಮಾ, ಜವಾಬ್ದಾರಿ, ಎಲ್ಲಾ ನಂದು."

ಒಂದು ವಾಕ್ಯ ಸಾಕಿತ್ತು. ನಾನು ಹೇಳಲಿಲ್ಲ. ಆಗ ಹೇಳಲಿಲ್ಲ, ಮರುದಿನ ಹೇಳಲಿಲ್ಲ. ದಿನ ಕಳೆದಂತೆ ಆ ವಾಕ್ಯ ಬಾಯಿಗೆ ಬರುವುದೇ ಕಷ್ಟವಾಯಿತು. ಬಸಣ್ಣನೂ ಹೇಳಲಿಲ್ಲ. ಅವನ ಅನ್ನ ನನ್ನ ಕೈಯಲ್ಲಿತ್ತು. ಒಂದು ವಾರದೊಳಗೆ ಮಿಲ್ಲುಗಳಲ್ಲಿ ಸುದ್ದಿಯಾಯಿತು, ಉಸ್ತಾದರಿಗೆ ವಯಸ್ಸಾಯಿತು, ಕಣ್ಣೆದುರಿನ ಪಿನ್ನು ಕಾಣಲಿಲ್ಲವಂತೆ ಎಂದು. ಎಡಗೈಯಿಂದಲೂ ಅವರು ಎಂಜಿನ್ ನೋಡಬಲ್ಲವರಾಗಿದ್ದರು. ಕಿವಿಯಂತೂ ಹಾಗೆಯೇ ಇತ್ತು. ಆದರೆ ಯಾರೂ ಕರೆಯಲಿಲ್ಲ. ನಂದೂರ ಕಡೆಯಿಂದ ಟಾಂಗಾ ಬರುವುದು ನಿಂತಿತು. ಅವರು ಕಲಬುರಗಿ ಬಿಟ್ಟು ಕಮಲಾಪುರಕ್ಕೆ ಹೋದರು. ಆ ಮುದುಕಿಯ ಊರಿನವರು ಕರೆದುಕೊಂಡು ಹೋದರು ಎಂದು ಆಮೇಲೆ ಕೇಳಿದೆ.

ನಾನು ಮಾಡಿದ್ದು ಇಷ್ಟು. ಆ ಎರಡನೆಯ ಲಾರಿಗೆ, ಮುಂದೆ ಬಂದ ಪ್ರತಿಯೊಂದು ಲಾರಿಗೆ, ಆ ಪಟ್ಟಿ ಹಾಕಿಸಿದೆ. ಮೂರು ಏಟು, ಒಂದು ಪಟ್ಟಿ, ಡ್ರೈವರನ ಹೆಬ್ಬಟ್ಟು. ನನ್ನದೂ. ಶೆಡ್ಡಿನಲ್ಲಿ ಹೊಸಬರು ಇದನ್ನು ಮ್ಯಾನೇಜರ್ ಸಾಹೇಬರ ಕಾಯದೆ ಎನ್ನತೊಡಗಿದರು. ಅದನ್ನೂ ನಾನು ತಿದ್ದಲಿಲ್ಲ.

ಮೂರು ವರ್ಷದ ಮೇಲೆ ಕಮಲಾಪುರಕ್ಕೆ ಹೋಗಿದ್ದೆ. ಉಸ್ತಾದರು ಒಂದು ಕೆಂಪು ಬಾಳೆಯ ತೋಟದಲ್ಲಿ ನೀರೆತ್ತುವ ಎಂಜಿನ್ ನೋಡಿಕೊಂಡಿದ್ದರು. ನನ್ನನ್ನು ಕಂಡು ಹಿಗ್ಗಿದರು. ಎಡಗೈಯಿಂದ ಚಹಾ ಬಸಿಗೆ ಸುರಿದುಕೊಟ್ಟರು.

"ಲಗ್ನ ಆಯ್ತಂತಲ್ರಿ ಬಿ.ಎ. ಸಾಬ್. ಅನಸ್ತದ ಅಂತ ಮಾಡ್ಕೊಂಡ್ರೋ, ಅದ ಅಂತ ಮಾಡ್ಕೊಂಡ್ರೋ?"

ನಾನು ನಕ್ಕೆ. ಆಮೇಲೆ, "ಉಸ್ತಾದ್, ಅವತ್ತು ನಾನು..." ಎಂದೆ.

"ಚಹಾ ಆರ್ತದ, ಕುಡೀರಿ."

"ಇಲ್ಲ, ನಾನು ಹೇಳಬೇಕಾಗ್ಯಾದ..."

"ಈ ಎಂಜಿನ್ ಸಪ್ಪಳ ಕೇಳ್ರಿ. ಹ್ಯಾಂಗದ?"

ಕೇಳಿದೆ. ಚೆನ್ನಾಗಿತ್ತು. ಹಾಗೆಂದೆ. ಮಾತು ಅಲ್ಲಿಗೆ ನಿಂತಿತು. ಅವರು ತಡೆದರು ಎಂದು ನಾನು ಬಹಳ ದಿನ ನನಗೇ ಹೇಳಿಕೊಂಡೆ. ನಿಜವೆಂದರೆ, ತಡೆದದ್ದಕ್ಕೆ ನನಗೆ ಹಾಯೆನಿಸಿತ್ತು.

ಹೊರಡುವಾಗ ತೋಟದ ಯಜಮಾನರು ಬಂಡಿಯವರೆಗೆ ಬಂದರು. ಆ ಪಂಪನ್ನು ನೋಡಲೆಂದೇ ಅಲ್ಲವೇ ಉಸ್ತಾದರು ಅವತ್ತು ನಮ್ಮ ಲಾರಿ ಹತ್ತಿದ್ದು ಎಂದು, ಸುಮ್ಮನೆ ಮಾತಿಗೆ ಕೇಳಿದೆ.

"ಪಂಪೇನ್ರಿ? ಆವಾಗ ನಮ್ಮೂರಾಗ ಪಂಪ್ ಎಲ್ಲಿತ್ರಿ? ಎಲ್ಲಾರೂ ಎತ್ತಿನಿಂದೇ ನೀರು ಎಳೀತಿದ್ವಿ. ಈ ಎಂಜಿನ್ ತಂದು ಕೂಡಿಸಿದ್ದೇ ಅವರು, ಬಂದ ಮ್ಯಾಲ."

ನಾನು ಬಂಡಿ ಹತ್ತಿದೆ. ತೋಟಕ್ಕೆ ವಾಪಸು ಹೋಗಬಹುದಿತ್ತು. ಹೋಗಲಿಲ್ಲ. ನನ್ನ ಸುಳ್ಳು ಅವರಿಗೆ ಆಗಲೇ, ಆ ಒಂದು ಉಸಿರಿನಲ್ಲೇ ಗೊತ್ತಾಗಿತ್ತು. ಮುಚ್ಚಳ ಮತ್ತೆ ಬಿಚ್ಚಿರೆಂದರೆ ಬಸಣ್ಣನ ಎದುರು, ಆರು ಹೆಂಗಸರ ಎದುರು ನನ್ನನ್ನು ಸುಳ್ಳ ಎಂದ ಹಾಗೆ. ಅದಕ್ಕೆ ತಮ್ಮ ಕಿವಿಯನ್ನು ಲಾರಿಯೊಳಗೆ ತಂದು ಕೂಡಿಸಿದರು. ಸದ್ದು ಬಂದರೆ ನಿಲ್ಲಿಸಿದರಾಯಿತು ಎಂದುಕೊಂಡಿರಬೇಕು. ಸದ್ದು ಬಂತು, ಅವರು ಹೇಳಿದರು, ಎರಡು ಕ್ಷಣ ತಡವಾಗಿತ್ತು. ಅವರದೂ ಒಂದು ತಪ್ಪು ಇದ್ದರೆ ಇದೇ. ನನ್ನ ಮರ್ಯಾದೆಯನ್ನು ಅದಕ್ಕೆ ತಕ್ಕದ್ದಕ್ಕಿಂತ ದೊಡ್ಡದೆಂದು ತಿಳಿದರು.

ಹೋದ ತಿಂಗಳು ಬಸಣ್ಣ ಬಂದು ಸುದ್ದಿ ಹೇಳಿದ. ಮಣ್ಣಿಗೆ ಹೋಗಲು ಆಗಲಿಲ್ಲ, ಮೂರನೆಯ ದಿನ ಮಗಳ ಮನೆಗೆ ಹೋದೆ. ಆಕೆ ಕಲಬುರಗಿಯಲ್ಲೇ ಇದ್ದಾಳೆ. ಬಾಗಿಲಿಗೆ ಪರದೆ, ಪರದೆಯ ಆಚೆಯಿಂದ ಮಾತು. ನಾನು ಎಲ್ಲವನ್ನೂ ಹೇಳಿದೆ, ಮೊದಲಿನಿಂದ ಕೊನೆಯವರೆಗೆ, ಶೇರವಾನಿಯನ್ನೂ ಬಿಡದೆ. ಆಮೇಲೆ ಆಕೆ ಹೇಳಿದಳು:

"ನನಗ್ಯಾಕ ಹೇಳ್ತೀರಿ? ನಮ್ಮ ಅಬ್ಬಾ ಪಿನ್ನು ನೋಡಲಿಲ್ಲ ಅಂತ ನಾ ಯಾವತ್ತೂ ನಂಬಿದ್ದಿಲ್ಲ. ನಂಬಿದವರಿಗೆ ಹೋಗಿ ಹೇಳ್ರಿ. ಮಿಲ್ಲಿನವರಿಗೆ ಹೇಳ್ರಿ."

ನಾಲ್ಕು ದಿನದಿಂದ ಹೋಗುತ್ತಿದ್ದೇನೆ. ಸಾವಕಾರರಿಗೆ ಮೊದಲು ಹೇಳಿದೆ. ಅವರು ಈಗ ಹಾಸಿಗೆ ಹಿಡಿದಿದ್ದಾರೆ. ಕೇಳಿ, ಗೋಡೆಯ ಕಡೆ ಹೊರಳಿ ಮಲಗಿದರು. ಆಮೇಲೆ ನಂದೂರ ಕಡೆಯ ಮಿಲ್ಲುಗಳು. ಮೊದಲನೆಯದರಲ್ಲಿ ಮಾಲೀಕರ ಮಗ ಕುಳಿತಿದ್ದ. ಕುರ್ಚಿ ಕೊಟ್ಟು, ನೀರು ಕೊಟ್ಟು, ಪೂರ್ತಿ ಕೇಳಿದ. ಎಂಜಿನ್ ತೆಗೆದು ಕರೆಂಟಿನ ಮೋಟಾರು ಹಾಕಬೇಕೆಂದಿದ್ದಾರಂತೆ. ನಾನು ಹೇಳಿ ಮುಗಿಸಿದ ಮೇಲೆ ಸೌಜನ್ಯದಿಂದಲೇ ಕೇಳಿದ:

"ಉಸ್ತಾದ್ ಅಂದ್ರ ಯಾರ್ರಿ?"

ಮತ್ತೆ ಮೊದಲಿನಿಂದ ಶುರು ಮಾಡಿದೆ. ಕುಳ್ಳಗಿದ್ದರು, ಎದೆಯವರೆಗೆ ಬಿಳಿ ಗಡ್ಡ ಎಂದು.